‘ಕಿವಿ ಸರಿಯಿದೆ’ ಎಂದು ನಾನು ಬರೆದ ಚೀಟಿ

ಕೊರೋನಾ ಅಡಗಿದ ಮರುವರ್ಷ ನಾನು ಸಕಲೇಶಪುರದಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಜನರಿಗೆ ಎಷ್ಟು ಕೇಳಿಸುತ್ತದೆಂದು ಪರೀಕ್ಷಿಸುವುದು ನನ್ನ ಕೆಲಸ. ಹೊಂಗಡಹಳ್ಳದ ಕಡೆ ನಡೆಸಿದ ಒಂದು ಶಿಬಿರಕ್ಕೆ ಎಸ್ಟೇಟ್ ಕೆಲಸದ ಸಣ್ಣಮ್ಮ ತಮ್ಮ ಸೊಸೆ ಜಯಂತಿಯನ್ನು ಕರೆತಂದರು.

“ಕರೆದ್ರೆ ತಿರುಗ್ತಾಳೆ, ಹೇಳಿದ್ದು ಮಾತ್ರ ಮಾಡಲ್ಲ. ಕಿವಿ ಹೋಗೈತೋ, ಬೇಕಂತ್ಲೇ ಹಿಂಗಾಡ್ತಾಳೋ, ನೋಡಿ ಸಾರ್.”

ಹೆಡ್‌ಫೋನ್ ಹಾಕಿ ಸಣ್ಣ ಸದ್ದುಗಳನ್ನು ಕೇಳಿಸಿದೆ. ಪ್ರತಿ ಸಲವೂ ಜಯಂತಿ ಕೈ ಎತ್ತಿದಳು. ಹೊರಗೆ ಇನ್ನೂ ಮೂವತ್ತು ಜನ ಕಾದಿದ್ದರು. ‘ಕಿವಿ ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಊಟದ ಹೊತ್ತು ಮೀರಿತ್ತು, ಅಷ್ಟೆ. ಅಂದಿನಿಂದ ಮನೆಯವರ ಕಣ್ಣಲ್ಲಿ ಜಯಂತಿ ಸೋಗಿನವಳಾದಳು.

ಆ ಭಾಗದ ತೋಟಗಳಲ್ಲಿ ಆನೆಯನ್ನು ಮೊದಲು ಕಂಡವರು ಕೂಗಿ ಹೇಳುತ್ತಾರೆ. ಕಾಫಿ ಗಿಡಗಳ ಮರೆಯಲ್ಲಿ ಮುಖ ಕಾಣದ ಉಳಿದವರು ಆ ಮಾತನ್ನೇ ನಂಬಿ ದಿಕ್ಕು ಹಿಡಿದು ಓಡುತ್ತಾರೆ. ಆ ವರ್ಷದ ಹಣ್ಣು ಕೊಯ್ಲಿನಲ್ಲಿ ಒಂದು ಬೆಳಿಗ್ಗೆ ಹಾಗೆ ಕೂಗೆದ್ದಿತು. ಜಯಂತಿಗೂ ಕೇಳಿಸಿತು, ಆದರೆ ಮಾತು ತಿಳಿಯಲಿಲ್ಲ. ಕೊಯ್ದ ಹಣ್ಣಿನ ತೂಕಕ್ಕೆ ಕರೆಯುತ್ತಿದ್ದಾರೆಂದುಕೊಂಡು ಚೀಲ ಹೊತ್ತು ಇಳಿಜಾರಿನಲ್ಲಿ ಕೆಳಗೆ ನಡೆದಳು. ಆನೆ ಕೆಳಗೇ ಇತ್ತು. ಸಣ್ಣಮ್ಮನ ಮಗಳು, ನಾದಿನಿ ಪುಟ್ಟಿ, ಮೇಲಿನ ಸಾಲಿನಲ್ಲಿದ್ದ ತಾಯಿಗೂ ಕೇಳುವಂತೆ ಕೂಗುತ್ತಲೇ ಹಿಂದೆ ಓಡಿಬಂದು ಅವಳನ್ನು ಗುಂಡಿಯೊಂದಕ್ಕೆ ತಳ್ಳಿದಳು. ಜಯಂತಿ ಉಳಿದಳು. ಪುಟ್ಟಿ ಉಳಿಯಲಿಲ್ಲ.

ತಿಂಗಳು ಕಳೆದ ಮೇಲೆ ಅತ್ತೆ ಸೊಸೆ ಬಂದರು. ಸಣ್ಣಮ್ಮ ನನ್ನ ಚೀಟಿಯನ್ನು ಮೇಜಿನ ಮೇಲಿಟ್ಟರು.

“ಇದ್ನ ನಂಬ್ಕಂಡು ಇವಳ್ನ ಬೈದ್ಬುಟ್ಟೆ. ಸಾಯಕ್ಕೆ ಯಾರಾದ್ರೂ ಸೋಗು ಹಾಕ್ತಾರಾ ಸಾರ್? ಈಗ್ಲಾದ್ರೂ ಸರಿಯಾಗಿ ನೋಡಿ.”

ಈ ಸಲ ಮಾತಿನ ಪರೀಕ್ಷೆ ಮಾಡಿದೆ. ಇಪ್ಪತ್ತೈದು ಪದಗಳಲ್ಲಿ ಜಯಂತಿ ಸರಿಯಾಗಿ ಹೇಳಿದ್ದು ಮೂರು. ಹಾಸನಕ್ಕೆ ಕಳಿಸಿ ನರದ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅವಳಿಗಿದ್ದದ್ದು ಆಡಿಟರಿ ನ್ಯೂರೋಪತಿ. ಕಿವಿ ಸದ್ದನ್ನು ಹಿಡಿಯುತ್ತದೆ. ನರ ಅದನ್ನು ಮಿದುಳಿಗೆ ಮುಟ್ಟಿಸುವಷ್ಟರಲ್ಲಿ ಮಾತು ಕಲಸಿಹೋಗುತ್ತದೆ. ಹಿಯರಿಂಗ್ ಏಡ್ ಸದ್ದು ಹೆಚ್ಚಿಸಿತು, ಮಾತು ಬಿಡಿಸಿಕೊಡಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಅರ್ಜಿ ಹಾಕಿದೆವು. ಅಲ್ಲಿಯವರೆಗೆ ಮನೆಯವರೇ ಮಾತಾಡುವ ರೀತಿ ಬದಲಿಸಬೇಕಿತ್ತು: ಸದ್ದಿಲ್ಲದ ಕಡೆ ಎದುರು ಕೂತು, ಪದ ಪದಕ್ಕೆ ಬಿಡುವು ಕೊಟ್ಟು, ನಿಧಾನವಾಗಿ. ಜಯಂತಿ ಕೇಳಿದ್ದನ್ನು ತಿರುಗಿ ಹೇಳಬೇಕು. ನನ್ನ ಒತ್ತಾಯಕ್ಕೆ ಎಸ್ಟೇಟ್‌ನವರು ಆನೆ ಬಂದರೆ ಊದಲು ಸೀಟಿ ಇಟ್ಟರು.

ಆರನೇ ವಾರ ನನ್ನ ಕೋಣೆಯಲ್ಲಿ ನಡೆದ ಅಭ್ಯಾಸದ ನಡುವೆ ಜಯಂತಿ ಇದ್ದಕ್ಕಿದ್ದಂತೆ ಕೇಳಿದಳು: “ಅತ್ತೆ, ಅವತ್ತು ಪುಟ್ಟಿ ಏನಂತ ಕೂಗಿದ್ಲು?”

ಅಷ್ಟು ದಿನ ಆ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಸಣ್ಣಮ್ಮ ನನ್ನ ಮುಖ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು, ನಾನು ಕಲಿಸಿದಂತೆಯೇ, ಸೊಸೆಯ ಎದುರು ಕೂತರು.

“ಅತ್ತಿಗೆ… ಕೆಳಗೆ… ಹೋಗ್ಬೇಡ.”

“ಅತ್ತಿಗೆ, ಕೆಳಗೆ ಹೋಗ್ಬೇಡ,” ಎಂದಳು ಜಯಂತಿ. ಮೂರೂ ಪದ ಸರಿಯಾಗಿದ್ದವು. ಪೆನ್ನು ಕೈಯಲ್ಲೇ ಇತ್ತು. ಸರಿ ಎಂದು ಗುರುತು ಹಾಕಲು ನನ್ನಿಂದಾಗಲಿಲ್ಲ.

ಈಗ ನಾನು ಯಾರನ್ನೂ ‘ಕೇಳಿಸ್ತಾ?’ ಎಂದಷ್ಟೇ ಕೇಳಿ ಕಳಿಸುವುದಿಲ್ಲ. ಬೆನ್ನ ಹಿಂದೆ ನಿಂತು ಒಂದು ವಾಕ್ಯ ಹೇಳಿ, ‘ನಾನೇನಂದೆ?’ ಎನ್ನುತ್ತೇನೆ. ಬೇರೆ ವಾಕ್ಯ ಹೇಳಬೇಕೆಂದುಕೊಂಡರೂ ಪ್ರತಿ ಸಲ ಬಾಯಿಗೆ ಬರುವುದು ಅದೇ: ಕೆಳಗೆ ಹೋಗಬೇಡ.