ಜುಟ್ಟಿಲ್ಲದ ನವಿಲು

ಟಿ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಶರಣವ್ವ ಸಕ್ಕರೆ ಪಾಕ ಕಾಯಿಸಲು ನಿಂತರೆ ಯಾರೂ ಅವಳನ್ನು ಮಾತಾಡಿಸುವಂತಿಲ್ಲ. ಕುದಿಯುವ ಪಾಕಕ್ಕೆ ಚೂರು ಹಾಲು ಹಾಕಿ, ಮೇಲೆ ತೇಲಿದ ಕೊಳೆ ತೆಗೆದು, ನಿಂಬೆ ಹಿಂಡಿ, ನೀರಲ್ಲಿ ನೆನೆದ ಕಟ್ಟಿಗೆಯ ಅಚ್ಚುಗಳಿಗೆ ಸುರಿಯಬೇಕು. ಸ್ವಲ್ಪ ಹದ ತಪ್ಪಿದರೂ ಆನೆ ಹೋಗಿ ಹಂದಿಯಾಗುತ್ತದೆ. ವರ್ಷವೆಲ್ಲ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಈ ಹೆಂಗಸು ದೀಪಾವಳಿ ಮುಗಿದದ್ದೇ ರಜೆ ಹಾಕಿ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೆ ಗೊಂಬೆ ಮಾಡಲು ಕೂರುತ್ತಾಳೆ.

ಅಚ್ಚುಗಳು ಗದಗಿನ ಕಡೆಯ ಅವಳ ಅಜ್ಜಿಯವು. ತೇರು, ಆನೆ, ಗಿಳಿ, ನವಿಲು. ನವಿಲಿನ ಅಚ್ಚು ಸವೆದು ಜುಟ್ಟು ಮೂಡುವುದಿಲ್ಲ. ಹಾಗೆ ನೋಡಿದರೆ ಈ ಗೊಂಬೆಯಲ್ಲಿ ಇರುವುದೇನು? ಬರೀ ಸಕ್ಕರೆ. ಏಲಕ್ಕಿಯಿಲ್ಲ, ತುಪ್ಪವಿಲ್ಲ. ಆದರೂ ಅವಳ ಸೀಮೆಯ ಹೆಣ್ಣುಮಕ್ಕಳಿಗೆ ಹುಣ್ಣಿಮೆಯ ಸಂಜೆ ಇವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗಿ, ಆಮೇಲೆ ಆನೆಯ ಸೊಂಡಿಲು ಕಟುಮ್ಮನೆ ಕಡಿಯದಿದ್ದರೆ ಅದು ಹಬ್ಬವೇ ಅಲ್ಲ. ಮದುವೆ ನಿಶ್ಚಯವಾದ ಹುಡುಗಿಗಂತೂ ಆರತಿ ಗಂಡಿನ ಮನೆಯಿಂದಲೇ ಬರಬೇಕು, ಸೀರೆಯ ಜೊತೆಗೆ. ಅದು ಬಂತೆಂದರೆ ಮದುವೆ ಅರ್ಧ ಆದ ಹಾಗೆ.

ಈ ವರ್ಷ ಶರಣವ್ವನ ಮಗಳು ಶೀತಲ್‌ಗೆ ಅದು ಬರಬೇಕಿತ್ತು. ಶ್ರಾವಣದಲ್ಲಿ ಮತ್ತಿಕೆರೆಯ ವಿರೂಪಾಕ್ಷನ ಜೊತೆ ನಿಶ್ಚಯವಾಗಿತ್ತು. "ಅವ್ವಾ, ಅವ್ರು ಈಗೀಗ ಫೋನೇ ಎತ್ತಲ್ಲ," ಎಂದು ಹುಡುಗಿ ಹೇಳಿದ್ದಕ್ಕೆ ಶರಣವ್ವ, "ಕೆಲಸ ಇರ್ತಾವ, ಸುಮ್ನಿರು," ಎಂದು ಗದರಿದ್ದಳು.

ಹುಣ್ಣಿಮೆಯ ಹಿಂದಿನ ದಿನ, ಅವಳ ಗೊಂಬೆಗಳನ್ನು ಮಾರುವ ರೊಟ್ಟಿ ಅಂಗಡಿಯ ಪಂಚಪ್ಪ ಸುದ್ದಿ ಹೇಳಿದ.

"ಅಕ್ಕಾರ, ದೊಡ್ಡ ಸೆಟ್ ಹೋತು ನೋಡ್ರಿ. ಮತ್ತಿಕೆರಿ ಅಮ್ಮಾರೊಬ್ರು ಒಯ್ದ್ರು. ಮಗ ವಿರೂಪಾಕ್ಷಗ ನಿಶ್ಚಯ ಆಗೇತಂತ, ಹುಡುಗಿಗೆ ಕೊಡಾಕ."

ಶರಣವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗೊಂಬೆ ಮಾಡಿದವಳು ಯಾರೆಂದು ಬೀಗಿತಿಗೆ ಗೊತ್ತೇ ಇಲ್ಲ! ತನ್ನ ಕೈಯ ಸಕ್ಕರೆ ಮತ್ತಿಕೆರೆ ಸುತ್ತಿ ಮನೆಗೇ ವಾಪಸು ಬರುತ್ತಿದೆ. ಅದೇ ಖುಷಿಯಲ್ಲಿ ಉಳಿದದ್ದನ್ನೂ ಪಂಚಪ್ಪನಿಗೆ ಕೊಟ್ಟಳು. ಮಗಳಿಗೆಂದು ಒಂದು ಗಿಳಿಯನ್ನೂ ಎತ್ತಿಡಲಿಲ್ಲ. ಅಚ್ಚುಗಳನ್ನು ಒಣಗಿಸಿ ಗಂಟು ಕಟ್ಟಿದಳು.

ಮರುದಿನ ಸಂಜೆ ಬೀಗರಿಗೆಂದು ಮಾಡಿದ ಹೋಳಿಗೆ ಆರಿತು. ಓಣಿಯ ಹುಡುಗಿಯರು ತಟ್ಟೆ ಹಿಡಿದು ಕಿಲಕಿಲ ಎನ್ನುತ್ತ ಬಾಗಿಲ ಮುಂದೆಯೇ ಹಾದುಹೋದರು. ಶೀತಲ್ ಹೊಸ ಬಳೆ ತೊಟ್ಟು ಕುಳಿತೇ ಇದ್ದಳು. ಬೀಗಿತಿಗೆ ಫೋನ್ ಮಾಡಿದರೆ ಕಟ್ ಆಗುತ್ತಿತ್ತು.

ಆಮೇಲೆ ಶೀತಲ್ ಮೊಬೈಲನ್ನು ಅವ್ವನ ಕೈಗಿಟ್ಟಳು. ವಿರೂಪಾಕ್ಷನ ತಂಗಿ ಪದ್ಮಶ್ರೀಯ ಸ್ಟೇಟಸ್. ವಿರೂಪಾಕ್ಷನ ಪಕ್ಕದಲ್ಲಿ ರೇಷ್ಮೆ ಸೀರೆಯ ಬೇರೆ ಯಾವುದೋ ಹುಡುಗಿ. ಅವಳ ಕೈಯಲ್ಲಿ ತಟ್ಟೆ. ತಟ್ಟೆಯ ನಡುವೆ ಜುಟ್ಟಿಲ್ಲದ ನವಿಲು.

ಶರಣವ್ವ ಒಲೆ ಹಚ್ಚಿ ಸಕ್ಕರೆ ಸುರಿದಳು. ಗಂಟು ಬಿಚ್ಚಿದಳು. ಅಚ್ಚು ನೆನೆಯದಿದ್ದರೆ ಪಾಕ ಕಚ್ಚಿಕೊಳ್ಳುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇ? ಒಣ ಅಚ್ಚಿಗೇ ಸುರಿದಳು. ಗೊಂಬೆ ಅಚ್ಚು ಬಿಡಲಿಲ್ಲ. ಚಾಕು ತುರುಕಿ ಮೀಟಿದಳು. ಅಜ್ಜಿಯ ನವಿಲು ಅಚ್ಚು ಉದ್ದಕ್ಕೆ ಸೀಳಿಹೋಯಿತು.

"ಬೇಡ ಬಿಡವ್ವ," ಎಂದಳು ಶೀತಲ್, ಬಳೆ ತೆಗೆಯುತ್ತ.

"ಬ್ಯಾರೆ ಯಾರ ಕಡೆ ತಗೊಂಡಿದ್ರೂ ತಡ್ಕೋತಿದ್ದೆ," ಎಂದಳು ಶರಣವ್ವ. "ನಿನಗಂತ ನಕ್ಕೋತ ಕೂತಿದ್ನಲ್ಲೇ. ಆಕಿಗೆ ನಾನೇ ಮಾಡಿಕೊಟ್ಟೆ."

ಅಚ್ಚಿನ ಎರಡು ಸೀಳಿಗೂ ಸಕ್ಕರೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿದರೆ ಬಿಡುತ್ತದೆ. ಅವಳು ನೀರು ಕಾಯಿಸಲು ಏಳಲಿಲ್ಲ.