ಸತ್ತ ಮೇಲೆ ನಗುತ್ತಿದ್ದ ಶೀನಣ್ಣ

ಶೀನಣ್ಣ ಸತ್ತ ಕೂಡಲೇ ನಗಬೇಕಿತ್ತು. ತುಳು ಸಿನಿಮಾಗಳಲ್ಲಿ ನಾಯಕನ ಅಪ್ಪನೋ ಮಾವನೋ ಆಗಿ ಬರುತ್ತಿದ್ದ ಅವರನ್ನು ಇಂಟರ್‌ವಲ್ ಕಳೆದು ಸ್ವಲ್ಪ ಹೊತ್ತಿಗೆ ಕೊಂದುಬಿಡುತ್ತಿದ್ದರು. ಹೆಣವಾಗಿ ಮಲಗಿದವರು ಎದ್ದು ಕ್ಯಾಮೆರಾ ನೋಡಿ ನಗದಿದ್ದರೆ ಅಪಶಕುನ ಎಂಬುದು ಶೂಟಿಂಗಿನವರ ನಂಬಿಕೆ. ಆ ನಗು ಸಿನಿಮಾದಲ್ಲಿ ಬರುವುದಿಲ್ಲ. ಅವರ ಮುಖಕ್ಕೆ ಸಾವಿನ ಬಣ್ಣ ಬಳಿಯುತ್ತಿದ್ದ ಮೇಕಪ್‌ನವನಾದ ನಾನು ಎಷ್ಟೋ ಸಲ ಅದನ್ನು ನೋಡಿದ್ದೇನೆ. ಎಂಥ ನಗು ಅದು! ನಾನು ಕಷ್ಟಪಟ್ಟು ಹಚ್ಚಿದ ಪೌಡರೆಲ್ಲ ಬಿರುಕು ಬಿಡುತ್ತಿತ್ತು.

ಹೊಟ್ಟೆಪಾಡಿಗೆ ಶೀನಣ್ಣನಿಗೆ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಒಮ್ಮೆ ನಾಯಕಿ ಅವರ ಎದೆಯ ಮೇಲೆ ಬಿದ್ದು ಗೋಳಾಡುತ್ತಿರುವಾಗ ಹೆಣ ಗೊರಕೆ ಹೊಡೆಯಿತು. ಡೈರೆಕ್ಟರಿಗೆ ಪಿತ್ತ ನೆತ್ತಿಗೇರಿತು. ಶೀನಣ್ಣ ಕಣ್ಣುಜ್ಜಿಕೊಂಡು, "ನೈಟ್ ಶಿಫ್ಟ್ ಮುಗಿಸಿ ಬಂದವನಿಗೆ ಮಲಗು ಅಂದ್ರೆ ಮತ್ತೆಂತ ಮಾಡ್ಲಿ ಮಾರಾಯ್ರೆ?" ಎಂದರು. ಆಮೇಲೆ ಡೈರೆಕ್ಟರೇ ನಗು ತಡೆಯಲಾರದೆ ಹೊರಗೆ ಹೋದರು.

ಶೀನಣ್ಣನಿಗೆ ಇದ್ದದ್ದು ಒಂದೇ ಕೊರಗು. ಹೆಂಡತಿ ಗಿರಿಜಕ್ಕ ಅವರ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಇಂಟರ್‌ವಲ್ ಆದದ್ದೇ ಎದ್ದು, ಬಿಜೈಯಲ್ಲಿ ಬಸ್ಸು ಹತ್ತಿ ದೇರೆಬೈಲಿನ ಮನೆಗೆ ಹೋಗುತ್ತಿದ್ದರು. ಕೇಳಿದರೆ, "ಗಂಡ ಸಾಯುವುದನ್ನು ಟಿಕೆಟ್ ತೆಗೊಂಡು ನೋಡ್ಲಿಕ್ಕೆ ನನಗೆಂತ ಹುಚ್ಚಾ, ಮರ್ಲಾ?" ಎಂದು ನಮ್ಮನ್ನೇ ಗದರುತ್ತಿದ್ದರು.

"ಒಂದು ಸಿನಿಮಾದಲ್ಲಾದ್ರೂ ಕೊನೆವರೆಗೆ ಬದುಕಬೇಕು ಮಾರಾಯ. ಅವಳು ಪೂರ್ತಿ ಕೂತು ನೋಡ್ಬೇಕು. ನನಗೆ ಬೇರೆಂತ ಬೇಡ," ಎಂದು ಶೀನಣ್ಣ ನನ್ನ ಹತ್ತಿರ ಹೇಳುತ್ತಿದ್ದರು.

ಕಳೆದ ವರ್ಷ ಅಂಥ ಪಾತ್ರ ಕೊನೆಗೂ ಸಿಕ್ಕಿತು. ಮೊಮ್ಮಗಳ ಮದುವೆ ಊಟದಲ್ಲಿ ಅಜ್ಜ ನಗುವುದೇ ಕಡೆಯ ದೃಶ್ಯ. ಇವರಿಗೋ ನಂಬಿಕೆಯೇ ಇಲ್ಲ. ದಿನಾ ಬೆಳಿಗ್ಗೆ ಡೈರೆಕ್ಟರನ್ನು ಹಿಡಿದು, "ಮತ್ತೆ ಬದಲು ಮಾಡುವುದಿಲ್ಲ ತಾನೆ? ನಾನು ಸಾಯುವುದಿಲ್ಲ ತಾನೆ?" ಎಂದು ಕೇಳಿ ಅವರ ತಲೆ ತಿನ್ನುತ್ತಿದ್ದರು.

ಡಬ್ಬಿಂಗ್ ಮುಗಿದಿತ್ತು. ಸಿನಿಮಾ ಥಿಯೇಟರಿಗೆ ಬರುವ ಮೊದಲೇ ಎದೆನೋವು ಬಂದು ಶೀನಣ್ಣ ಹೋಗಿಬಿಟ್ಟರು. ಮನೆಯ ಚಾವಡಿಯಲ್ಲಿ ಮಲಗಿಸಿದ್ದರು. ನಾನು ಬಣ್ಣ ಹಚ್ಚದ ಮುಖ. "ನಗಿ ಶೀನಣ್ಣ" ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ.

ಸಿನಿಮಾ ಬಂದಾಗ ಗಿರಿಜಕ್ಕನೇ ಫೋನ್ ಮಾಡಿ, "ನನ್ನನ್ನು ಕರ್ಕೊಂಡು ಹೋಗ್ತೀರಾ?" ಎಂದರು. ಇಂಟರ್‌ವಲ್‌ನಲ್ಲಿ ಅಭ್ಯಾಸಬಲದಿಂದ ಬ್ಯಾಗು ಎತ್ತಿಕೊಂಡು ನಿಂತರು. ಮತ್ತೆ ಕೂತರು. ಕೊನೆಗೆ ಪರದೆಯ ತುಂಬ ಶೀನಣ್ಣ ನಕ್ಕರು. ಅದೇ ನಗು, ಶೂಟಿಂಗಿನ ನಾವು ಮಾತ್ರ ನೋಡುತ್ತಿದ್ದ ನಗು. ಇಷ್ಟು ವರ್ಷಕ್ಕೆ ಜನರೂ ನೋಡಿದರು.

ಲೈಟು ಹತ್ತಿತು. ಜನ ಎಲ್ಲ ಹೋದರು. ಗಿರಿಜಕ್ಕ ಏಳಲಿಲ್ಲ.

"ಮುಗಿಯಿತು ಗಿರಿಜಕ್ಕ, ಹೋಗುವ," ಎಂದೆ.

"ಇಷ್ಟು ವರ್ಷ ಇವರು ಇಲ್ಲಿ ಸಾಯ್ತಿದ್ರು, ನಾನು ಎದ್ದು ಹೋಗ್ತಿದ್ದೆ. ಸಂಜೆ ಮನೆಗೆ ಬರ್ತಿದ್ರು," ಎಂದರು ಪರದೆಯನ್ನೇ ನೋಡುತ್ತಾ. "ಇವತ್ತು ಎದ್ದು ಎಲ್ಲಿಗೆ ಹೋಗ್ಲಿ, ಹೇಳಿ?"