ಮೂವತ್ತೊಂದು ವರ್ಷದ ಮೇಲೆ ಮನೆಗೊಂದು ಮರಿ

ಬೆಳಿಗ್ಗೆ ಆರೂಕಾಲು. ಮಧುಗಿರಿ ತಾಲ್ಲೂಕಿನ ಒಂದು ಹೋಬಳಿ ಪಶು ಆಸ್ಪತ್ರೆಯ ಬೀಗ ಇನ್ನೂ ತೆಗೆದಿಲ್ಲ, ಜಗುಲಿಯ ಮೇಲೆ ಮಾತ್ರ ಕೆಲಸ ಶುರುವಾಗಿದೆ. ಕುರಿ ಮೇಯಿಸುವ ಕದಿರಯ್ಯನ ನಾಯಿಯ ಬೆನ್ನಿನ ಗಾಯಕ್ಕೆ ಹುಳ ಬಿದ್ದಿದೆ. ಅದು ನಾಲ್ಕು ಕಾಲೂ ಊರಿ ಗುರುಗುಟ್ಟುತ್ತಿದೆ. ಗಂಗಹನುಮಯ್ಯ ಜೇಬಿನಿಂದ ಹಳೆಯ ಲಂಗದ ಲಾಡಿ ತೆಗೆದು ಅದರ ಮೂತಿಗೆ ಎರಡು ಸುತ್ತು ಸುತ್ತುತ್ತಾರೆ, ಕಿವಿಯ ಹಿಂದೆ ಗಂಟು ಹಾಕುತ್ತಾರೆ, ತಲೆಯನ್ನು ಕಂಕುಳಲ್ಲಿ ಅವುಚಿಕೊಳ್ಳುತ್ತಾರೆ. ನಾಯಿಗಿಂತ ಕದಿರಯ್ಯನೇ ಹೆಚ್ಚು ನಡುಗುತ್ತಿದ್ದಾನೆ.

"ನೀನು ಅತ್ಲಾಗೆ ತಿರುಕ್ಕೊಳ್ಳಪ್ಪ. ನೀನು ಹೆದ್ರಿದ್ರೆ ಅದ್ಕೂ ಗೊತ್ತಾಗ್ತದೆ."

ಗಂಗಹನುಮಯ್ಯನವರಿಗೆ ಐವತ್ತೊಂಬತ್ತು. ಹುದ್ದೆ ಡಿ ಗ್ರೂಪ್, ಜನ ಕರೆಯುವುದು ಗಂಗಣ್ಣ ಎಂದು. ಗರಜು ಜಾಸ್ತಿಯಿದ್ದವರು 'ಡಾಕ್ಟ್ರೇ' ಎನ್ನುವುದೂ ಉಂಟು. ಮೂವತ್ತೊಂದು ವರ್ಷದಿಂದ ಇದೇ ಆಸ್ಪತ್ರೆಯಲ್ಲಿ ಕಸ ಗುಡಿಸಿ, ಹಸು ಹಿಡಿದು, ಕುರಿ ಹಿಡಿದು, ನಾಯಿ ಹಿಡಿದಿದ್ದಾರೆ. ದಿನಕ್ಕೆ ಮೂವತ್ತು ನಲವತ್ತು ಪ್ರಾಣಿ, ಬಡವನಹಳ್ಳಿ ಸಂತೆಯ ದಿನ ಇನ್ನೂ ಜಾಸ್ತಿ. ಇಷ್ಟಕ್ಕೆಲ್ಲ ನಾಯಿ ಕಚ್ಚಿರುವುದು ಒಂಬತ್ತೇ ಸಲ. "ಇವರು ರಜೆ ಹಾಕಿದ ದಿನ ನನಗೂ ನಾಯಿಗಳಿಗೂ ಜಗಳ" ಎಂದು ನಗುತ್ತಾರೆ ಪಶುವೈದ್ಯೆ ವೇದಾವತಿ.

ಹೊಸದಾಗಿ ಮರಿ ತಂದವರಿಗೆ ಗಂಗಣ್ಣನ ಪಾಠ ತಪ್ಪಿದ್ದಲ್ಲ. "ಬರೀ ಹಾಲು ಹುಯ್ಬ್ಯಾಡ, ಉಚ್ಚಿಕೊಳ್ತದೆ. ಅನ್ನ ಮೆತ್ಗೆ ಬೇಯ್ಸಿ ದಿನಕ್ಕೆ ನಾಕು ಸಲ ಒಂಚೂರು ಒಂಚೂರು ಇಕ್ಕು. ಸೂಜಿ ಎಲ್ಲಾ ಮುಗಿಯಾಗಂಟ ಬೀದಿಗೆ ಬುಡ್ಬ್ಯಾಡ." ಅಷ್ಟಾದ ಮೇಲೂ ಮರಿ ಸತ್ತರೆ ಮಾಲೀಕರಿಗೆ ಬೈಗುಳ ಗ್ಯಾರಂಟಿ. ಇಷ್ಟೆಲ್ಲ ಹೇಳುವ ಮನುಷ್ಯ ತಾನು ಮಾತ್ರ ಒಂದು ನಾಯಿಯನ್ನೂ ಸಾಕಿದವರಲ್ಲ. ಅಂಗನವಾಡಿ ಸಹಾಯಕಿಯಾಗಿರುವ ಹೆಂಡತಿ ದಾಸಮ್ಮನಿಗೆ ನಾಯಿಯೆಂದರೆ ಆಗುವುದಿಲ್ಲ. ಆ ವಾಸನೆಯನ್ನು ಗಂಡ ದಿನಾ ಅಂಗಿಯಲ್ಲಿ ಹೊತ್ತು ತರುವುದೇ ಸಾಕು ಎನ್ನುವುದು ಆಕೆಯ ವಾದ.

ಹೋದ ಕಾರ್ತಿಕದಲ್ಲಿ ಯಾರೋ ಈರುಳ್ಳಿ ಚೀಲದಲ್ಲಿ ಮೂರು ಮರಿ ತುಂಬಿ ಆಸ್ಪತ್ರೆ ಗೇಟಿಗೆ ಕಟ್ಟಿ ಹೋದರು. ಎರಡು ಗಂಡು ಮರಿಗಳನ್ನು ಮಧ್ಯಾಹ್ನದೊಳಗೆ ಜನ ಎತ್ತಿಕೊಂಡು ಹೋದರು. ಹೆಣ್ಣೆಂದು ಮೂರನೆಯದನ್ನು ಕೇಳುವವರಿಲ್ಲ. ಮರುದಿನ ಭಾನುವಾರ, ಆಸ್ಪತ್ರೆಗೆ ಬೀಗ. ಗಂಗಣ್ಣ ಅದನ್ನು ಊಟದ ಬ್ಯಾಗಿನಲ್ಲಿಟ್ಟು ಮನೆಗೆ ತಂದರು. "ಸೋಮವಾರ ಇದು ಇಲ್ಲಿರಬಾರ್ದು" ಎಂದರು ದಾಸಮ್ಮ. ಸೋಮವಾರ ಬೆಳಿಗ್ಗೆ ಮರಿಯನ್ನು ವಾಪಸ್ ಒಯ್ಯಲು ಗಂಡ ಬ್ಯಾಗು ಹುಡುಕಿದರೆ, ಅದೇ ದಾಸಮ್ಮ ಮರಿಗೆ ಕೆಂಪಿ ಎಂದು ಹೆಸರಿಟ್ಟು, ಗೋಣಿತಾಟು ಮಡಿಸಿ ಒಲೆಯ ಪಕ್ಕ ಮಲಗಿಸಿದ್ದರು.

ಆಮೇಲೆ ಶುರುವಾದವು ದಾಸಮ್ಮನ ಫೋನುಗಳು. ಹಸು ಹಿಡಿದುಕೊಂಡಿರುವಾಗ ಒಂದು, ಊಟಕ್ಕೆ ಕೂತಾಗ ಒಂದು. ಬಿಕ್ಕಳಿಸ್ತೈತೆ, ಏನ್ಮಾಡ್ಲಿ? ನನ್ನ ಚಪ್ಪಲಿ ಕಡೀತೈತೆ, ಹಲ್ಲು ನೋಯಲ್ವಾ? ಮೂವತ್ತೊಂದು ವರ್ಷ ಸೂಜಿಯ ಕಡೆಯಿಂದಷ್ಟೇ ನಾಯಿ ಕಂಡ ಗಂಗಣ್ಣನಿಗೆ ಮರಿ ಬಿಕ್ಕಳಿಸುತ್ತದೆ ಎಂಬುದೇ ಗೊತ್ತಿರಲಿಲ್ಲ. ಆರು ವಾರ ತುಂಬಲಿ, ಸೂಜಿ ಹಾಕೋಣ ಎಂದಿದ್ದರು ಮೇಡಂ. ದಾಸಮ್ಮ ಗಂಡನ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದರು. ಕೆಂಪಿಯನ್ನು ಒಂದು ದಿನವೂ ಹೊಸಿಲು ದಾಟಿಸಲಿಲ್ಲ.

ಒಂಬತ್ತನೆಯ ದಿನ ಕೆಂಪಿ ಅನ್ನ ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ವಾಂತಿ, ಸಂಜೆಗೆ ರಕ್ತಭೇದಿ. ಮೂಗಿಗೆ ಬಡಿದ ನಾತದಿಂದಲೇ ಗಂಗಣ್ಣನಿಗೆ ಗೊತ್ತಾಯಿತು, ಪಾರ್ವೊ, ನಾಯಿಮರಿಗಳ ಕರುಳಿಗೆ ಬರುವ ಅಂಟುರೋಗ. ಈ ವಯಸ್ಸಿನ ಮರಿಗೆ ಬಂದರೆ ಉಳಿಯುವುದಕ್ಕಿಂತ ಹೋಗುವುದೇ ಹೆಚ್ಚು.

ಬೀದಿ ಕಾಣದ ಮರಿಗೆ ಅದು ಎಲ್ಲಿಂದ ಬಂತು ಎಂಬುದೂ ಅವರಿಗೆ ಗೊತ್ತಾಯಿತು. ಹಿಂದಿನ ವಾರ ಅದೇ ರೋಗದ ನಾಲ್ಕು ನಾಯಿ ಹಿಡಿದಿದ್ದರು. ಅದೇ ಅಂಗಿ, ಅದೇ ಚಪ್ಪಲಿಯಲ್ಲಿ ಸಂಜೆ ಮನೆಯೊಳಕ್ಕೆ ಬಂದಿದ್ದರು. ಬಂದವರೇ ಮರಿಯನ್ನು ಎದೆಗೆ ಎತ್ತಿಕೊಂಡಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಊರು ಆಡಿಕೊಳ್ಳುವುದು ಇಂಥದ್ದಕ್ಕೇ.

ದಾಸಮ್ಮನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವಿತ್ತು. ಹಿಂದಿನ ದಿನ ಮರಿ ಕಾಲು ಸುತ್ತಿತೆಂದು ಮುದ್ದೆಯ ಒಂದು ಚೂರು ಸಾರಿನಲ್ಲದ್ದಿ ಕೊಟ್ಟಿದ್ದರಂತೆ. ಅದರಿಂದಲೇ ಹೀಗಾಯಿತೆಂದು ಅತ್ತರು. ಗಂಗಣ್ಣ ಏನೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. "ಬಾಯಿ ಬರ್ಲಿಲ್ಲ. ಅವಳ ತಲೆಮ್ಯಾಲೇ ಇರ್ಲಿ ಅಂತ ಬುಟ್ಬುಟ್ಟೆ. ಸುಳ್ಳ್ಯಾಕೆ ಹೇಳ್ಲಿ" ಎನ್ನುತ್ತಾರೆ ಈಗ, ನೆಲ ನೋಡುತ್ತಾ.

ಇಬ್ಬರೂ ಕೆಂಪಿಯನ್ನು ದಿನಾ ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿಸುತ್ತಿದ್ದರು. ಮೂರನೆಯ ದಿನ ಡ್ರಿಪ್ಪಿನ ಸೂಜಿ ಬಿದ್ದುಹೋಗಿ ಬೇರೆ ನರ ಹುಡುಕಬೇಕಾಯಿತು. ಸಾವಿರಾರು ಪ್ರಾಣಿ ಹಿಡಿದ ಕೈಯಿಂದ ಅಂದು ಮರಿಯ ಕಾಲು ಎರಡು ಸಲ ಜಾರಿತು. "ಗಂಗಹನುಮಯ್ಯನವರೇ, ಬಿಡಿ, ಬೇರೆಯವರು ಹಿಡಿದುಕೊಳ್ಳಲಿ" ಎಂದರು ವೇದಾವತಿ. ಹಿಡಿದದ್ದು ದಾಸಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಹಿಡಿದುಕೊಂಡೇ ಮೇಡಂಗೆ ಹೇಳಿದರು, "ನನ್ನ ಮುದ್ದೆಯಿಂದ ಇಂಗಾಯ್ತು ಕಣಮ್ಮ."

ಗಂಗಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ಮುದ್ದೆಯಿಂದಲ್ಲ ಕಣೆ. ಈ ರೋಗಾನ ನಾನೇ ತಂದೆ, ಕಾಲಲ್ಲಿ." ದಾಸಮ್ಮ ತಲೆ ಎತ್ತಲಿಲ್ಲ. ಸೂಜಿ ಸರಿಯಾಗಿ ಕೂತ ಮೇಲೆ ಒಂದೇ ಮಾತು ಕೇಳಿದರು: "ಎರಡು ದಿನ ಯಾಕೆ ಹೇಳ್ಲಿಲ್ಲ?"

ಕೆಂಪಿ ಬದುಕಿತು. ಆರನೆಯ ದಿನ ಎರಡು ಚಮಚ ಗಂಜಿ ನೆಕ್ಕಿತು. ಈಗ ಮನೆಯಲ್ಲಿ ದಾಸಮ್ಮನ ಕಾನೂನು: ಗಂಡ ಕೆಲಸಕ್ಕೆಂದು ಹೊಸದಾಗಿ ಕೊಂಡ ಬೂಟು ಆಸ್ಪತ್ರೆಯಲ್ಲೇ ಉಳಿಯಬೇಕು, ಬಾಗಿಲಲ್ಲಿಟ್ಟಿರುವ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಚಪ್ಪಲಿ ಅದ್ದಬೇಕು, ಅಂಗಿ ಬದಲಿಸಿ ಸ್ನಾನ ಮಾಡಿದ ಮೇಲಷ್ಟೇ ಮರಿ ಮುಟ್ಟಬೇಕು. ಆಸ್ಪತ್ರೆಯಲ್ಲಿ ಗಂಗಣ್ಣನ ಪಾಠಕ್ಕೂ ಒಂದು ಸಾಲು ಹೆಚ್ಚಾಗಿದೆ: "ಹೊರಗಿಂದ ಬಂದು ಕೈಕಾಲು ತೊಳೀದೆ ಮರಿ ಮುಟ್ಬ್ಯಾಡ." ಬೈಗುಳ ನಿಂತಿದೆ.

ಮುಂದಿನ ವರ್ಷ ನಿವೃತ್ತಿ. ಅಷ್ಟರೊಳಗೆ ಏನು ಬಾಕಿ ಎಂದರೆ ಬೆರಳು ಮಡಿಸುತ್ತಾರೆ. ತಾವು ಆಸ್ಪತ್ರೆಯಿಂದ ನೇರವಾಗಿ, ಅದೇ ಬಟ್ಟೆಯಲ್ಲಿ ಮರಿಗಳಿಗೆ ಸೂಜಿ ಹಾಕಿಸಲು ಹೋಗಿದ್ದ ಮನೆಗಳಲ್ಲಿ, ವಾರದೊಳಗೆ ಮರಿ ಸತ್ತದ್ದು ಅವರಿಗೆ ನೆನಪಿರುವಂತೆ ಹನ್ನೊಂದು ಕಡೆ. ಎಲ್ಲ ಕಡೆಯೂ ಮನೆಯವರಿಗೇ ಬೈದು ಬಂದಿದ್ದರು. ಕಾರಣ ಅವರೇ ಎಂದು ಹೇಳಲು ಬರುವುದಿಲ್ಲ, ಅಲ್ಲವೆಂದೂ ಹೇಳಲಾಗದು ಎನ್ನುತ್ತಾರೆ ವೇದಾವತಿ. ಗಂಗಣ್ಣನಿಗೆ ಅಷ್ಟೇ ಸಾಕಾಗಿದೆ. ಡ್ಯೂಟಿ ಬಿಡುವುದರೊಳಗೆ ಹನ್ನೊಂದು ಮನೆಗೂ ಹೋಗಿ ಇದನ್ನು ಹೇಳಿ ಬರುವ ಆಸೆ. ಮೂರು ಮುಗಿದಿವೆ.

ಮೂರನೆಯದು ದೊಡ್ಡೇರಿ ಕಡೆಯ ಸಿದ್ದಗಂಗಮ್ಮನ ಮನೆ. ಮರಿ ಸತ್ತು ನಾಲ್ಕು ವರ್ಷವಾಗಿದೆ, ಆಕೆ ಮತ್ತೆ ನಾಯಿ ಸಾಕಿಲ್ಲ. ಗಂಗಣ್ಣ ಹೇಳುವುದನ್ನೆಲ್ಲ ಕಡಲೆಕಾಯಿ ಸುಲಿಯುತ್ತಲೇ ಕೇಳಿದ ಆಕೆ, ಕೊನೆಗೆ ಮೊರ ಪಕ್ಕಕ್ಕಿಟ್ಟರು.

"ಅಂಗಾರೆ ನಾನು ಕೊಟ್ಟ ಹಾಲಿಂದ ಸಾಯ್ಲಿಲ್ವಾ ಅದು?"

"ಇಲ್ಲ ಕಣವ್ವ" ಎಂದರು ಗಂಗಣ್ಣ.